22 ಅಡಿ ದೋಣಿಗೆ ಟ್ರೋಲಿಂಗ್ ಮೋಟಾರ್: 112 ಪೌಂಡ್ ಥ್ರಸ್ಟ್ ಸಾಕಾ? ಬ್ಯಾಟರಿ ಯಾವುದು, ವೈರ್ ಎಷ್ಟು ದಪ್ಪ?

ಈರಿದಂಡೆ

ಮೀನು ಹಿಡಿಯುವಾಗ ದೋಣಿಯನ್ನ ನಿಧಾನ ನಡೆಸೋ ಬ್ಯಾಟರಿ ಮೋಟಾರ್, ಅಂದ್ರೆ ಟ್ರೋಲಿಂಗ್ ಮೋಟಾರ್, ಹಾಕಿಸೋ ಯೋಚನೆ. ವಿವರ ಎಲ್ಲ ಮೊದಲೇ ಹಾಕಿಬಿಡ್ತೇನೆ, ಉತ್ತರ ಕೊಡೋರಿಗೆ ಅನುಕೂಲ.

ದೋಣಿ 22 ಅಡಿ ಫೈಬರ್‌ಗ್ಲಾಸ್, ಮುಂದೆ ಪುಟ್ಟ ಕ್ಯಾಬಿನ್, ಮೇಲೆ ಹಾರ್ಡ್‌ಟಾಪ್. ಓಡಾಟ ಒಹಾಯೊ ಕಡೆಯ ಈರಿ ಸರೋವರ, ಪಶ್ಚಿಮ ಭಾಗ. ಮೀನು ಮುಖ್ಯವಾಗಿ ವಾಲೈ.

ತೂಕ: ಒಡಲು 4200 ಪೌಂಡ್, 225 ಎಚ್‌ಪಿ ಔಟ್‌ಬೋರ್ಡ್ 520, ಪೆಟ್ರೋಲ್ 120 ಗ್ಯಾಲನ್ ತುಂಬಿದರೆ 730, ನಾಲ್ಕು ಜನ 750, ಐಸ್, ಬ್ಯಾಟರಿ, ಸಾಮಾನು 400. ಒಟ್ಟು 6600 ಪೌಂಡ್.

ಎಲ್ಲರೂ ಹೇಳೋ ಲೆಕ್ಕ 100 ಪೌಂಡ್ ತೂಕಕ್ಕೆ 2 ಪೌಂಡ್ ಥ್ರಸ್ಟ್ (ಮೋಟಾರ್ ತಳ್ಳೋ ಬಲ). ಅಂದ್ರೆ ನನಗೆ 132 ಬೇಕು. ಮೂತಿಗೆ ಕೂರಿಸೋ ಮೋಟಾರ್‌ಗಳಲ್ಲಿ ನಾನು ನೋಡಿದ್ದು 36 ವೋಲ್ಟ್‌ನಲ್ಲಿ 112, 115, ಹೆಚ್ಚೆಂದರೆ 120. ಹಾಗಾದ್ರೆ ಈ ಗಾತ್ರದ ದೋಣಿಗೆ ಹಾಕೋದೇ ದಂಡವಾ?

ಕೆಲಸ ಎರಡು. ಒಂದು, ಎರೆಹುಳು ಹಾರ್ನೆಸ್ (ಎರೆಹುಳು ಚುಚ್ಚಿದ ಗಾಳ) ಕಟ್ಟಿ ಗಂಟೆಗೆ 1.2ರಿಂದ 1.5 ಮೈಲಿಯಲ್ಲಿ ಎಳೆಯೋದು. ಇನ್ನೊಂದು, ಕಲ್ಲುದಿಣ್ಣೆ ಮೇಲೆ ಜಿಪಿಎಸ್ ಲಂಗರಲ್ಲಿ (ಜಿಪಿಎಸ್ ನೋಡಿ ಮೋಟಾರೇ ದೋಣಿಯನ್ನ ಒಂದೇ ಜಾಗದಲ್ಲಿ ಹಿಡಿಯೋದು) ನಿಂತು ಜಿಗ್ (ಭಾರದ ಗಾಳ) ಹಾಕೋದು. ಮೂತಿಯ ಡೆಕ್‌ನಿಂದ ನೀರಿಗೆ 38 ಇಂಚು. ಬ್ಯಾಟರಿಗೆ ಜಾಗ ಇರೋದು ಹಿಂದೆ, ಅಲ್ಲಿಂದ ಮೂತಿಗೆ ವೈರ್ ಎಳೆದರೆ 20 ಅಡಿ.

ಗಾಳಿಲೆಕ್ಕ

ದಂಡ ಅಲ್ಲ. ತಪ್ಪಿರೋದು ಆ ತೂಕದ ಲೆಕ್ಕದಲ್ಲಿ.

ನಿಂತ ನೀರಲ್ಲಿ ದೋಣಿ ಎಷ್ಟು ಭಾರ ಅನ್ನೋದು ಅದು ಎಷ್ಟು ನಿಧಾನವಾಗಿ ಹೊರಡುತ್ತೆ, ಎಷ್ಟು ನಿಧಾನವಾಗಿ ನಿಲ್ಲುತ್ತೆ ಅನ್ನೋದನ್ನ ಹೇಳುತ್ತೆ, ಅಷ್ಟೇ. ಒಂದೇ ಜಾಗದಲ್ಲಿ ಹಿಡಿದು ನಿಲ್ಲಿಸಬೇಕಾದರೆ ಮೋಟಾರ್ ಹೊಡೆದಾಡಬೇಕಾಗಿರೋದು ಗಾಳಿ ಜೊತೆ, ಅಲೆ ಜೊತೆ. ಅದಕ್ಕೆ ಲೆಕ್ಕಕ್ಕೆ ಬರೋದು ನೀರಿನ ಮೇಲೆ ದೋಣಿ ಎಷ್ಟು ಅಗಲ ಕಾಣುತ್ತೆ ಅನ್ನೋದು. ಬಾಸ್ ಮೀನು ಹಿಡಿಯೋ ತಗ್ಗು ದೋಣಿಗಳಲ್ಲಿ ತೂಕ ಜಾಸ್ತಿಯಾದಂತೆ ಈ ಅಗಲವೂ ಜಾಸ್ತಿಯಾಗೋದ್ರಿಂದ ಎರಡು ಪೌಂಡಿನ ಲೆಕ್ಕ ಹೇಗೋ ಹೊಂದಿಕೊಳ್ಳುತ್ತೆ. ಹಾರ್ಡ್‌ಟಾಪ್ ಇರೋ ದೋಣಿಗೆ ಹೊಂದಲ್ಲ.

ಸುಮಾರಾಗಿ ಹೀಗೆ: ಬಲ (ನ್ಯೂಟನ್) = 0.6 × ಎದುರಿಗೆ ಕಾಣೋ ಚದರ ಮೀಟರ್ × ಗಾಳಿಯ ವೇಗದ ವರ್ಗ. ವೇಗ ಸೆಕೆಂಡಿಗೆ ಮೀಟರ್‌ನಲ್ಲಿ. ಬಂದದ್ದನ್ನ 4.45ರಿಂದ ಭಾಗಿಸಿದರೆ ಪೌಂಡ್.

ನಿಮ್ಮ ದೋಣಿ ಮೂತಿ ಗಾಳಿಗೆ ಇಟ್ಟಾಗ ಅಂದಾಜು 4.5 ಚದರ ಮೀಟರ್ ಅಂತಿಟ್ಟುಕೊಳ್ಳಿ. ಗಂಟೆಗೆ 10 ಮೈಲಿ ಗಾಳಿಗೆ 12 ಪೌಂಡ್. 15 ಮೈಲಿಗೆ 27. 20 ಮೈಲಿಗೆ 49. 25 ಮೈಲಿಗೆ 76. ಗಾಳಿ ಎರಡರಷ್ಟಾದರೆ ಬಲ ನಾಲ್ಕರಷ್ಟು, ಅದಕ್ಕೇ ಬೆಳಿಗ್ಗೆ ಚೆನ್ನಾಗಿ ಹಿಡಿದು ನಿಂತ ಮೋಟಾರ್ ಮಧ್ಯಾಹ್ನ ಒದ್ದಾಡೋದು.

ಇದರ ಮೇಲೆ ಅಲೆ ಹಿಂದಕ್ಕೆ ತಳ್ಳೋದು ಬೇರೆ. ಈರಿಯ ಪಶ್ಚಿಮ ಭಾಗದ ಸರಾಸರಿ ಆಳ 24 ಅಡಿ ಆಸುಪಾಸು, ಅಲೆ ಗಿಡ್ಡ, ಕಡಿದು, ಒಂದರ ಹಿಂದೊಂದು. ಆದ್ದರಿಂದ ಗಾಳಿಗೆ ಬಂದ ಸಂಖ್ಯೆಯ ಒಂದೂವರೆ ಪಟ್ಟು ಇಟ್ಟುಕೊಂಡರೆ ಕ್ಷೇಮ. 20 ಮೈಲಿಗೆ 75 ಪೌಂಡ್, 25 ಮೈಲಿಗೆ 115. ಅಂದ್ರೆ 112 ಪೌಂಡಿನ ಮೋಟಾರ್ 20ರ ತನಕ ಆರಾಮ, 25ಕ್ಕೆ ಕೈ ಚೆಲ್ಲುತ್ತೆ. ಅಲ್ಲಿ 25 ಮೈಲಿ ಗಾಳಿ ಎದ್ದ ದಿನ ಹೇಗೂ ದಡದಲ್ಲಿರೋದೇ ವಾಸಿ.

ಒಂದು ಎಚ್ಚರಿಕೆ. ಮೇಲಿನದು ಮೂತಿ ಗಾಳಿಗೆ ಇದ್ದರೆ ಮಾತ್ರ. ದೋಣಿ ಅಡ್ಡ ತಿರುಗಿದರೆ ಕಾಣೋ ಜಾಗ 9-10 ಚದರ ಮೀಟರ್ ಆಗುತ್ತೆ, 20 ಮೈಲಿ ಗಾಳಿಗೇ ನೂರು ಪೌಂಡ್ ದಾಟುತ್ತೆ. ಆದ್ದರಿಂದ ಮೋಟಾರ್ ಮೂತಿಯಲ್ಲೇ ಇರಬೇಕು. ಔಟ್‌ಬೋರ್ಡ್‌ನ ಕ್ಯಾವಿಟೇಶನ್ ಪ್ಲೇಟ್‌ಗೆ ಬಿಗಿಯೋ ಮಾದರಿಗಳೂ ಇವೆ, ಬಿಗಿಯೋದು ಸುಲಭ, ಆದ್ರೆ ಅವು ಹಿಂದಿನಿಂದ ತಳ್ಳುತ್ತವೆ. ಗಾಳಿ ಮೂತಿಯನ್ನ ಪಕ್ಕಕ್ಕೆ ಒಯ್ದ ಮೇಲೆ ಹಿಂದಿನಿಂದ ತಳ್ಳಿ ಏನೂ ಸರಿಯಾಗಲ್ಲ.

ಇನ್ನು ನಿಮ್ಮ 6600 ಪೌಂಡ್ ಎಲ್ಲಿ ಕಾಟ ಕೊಡುತ್ತೆ ಅಂದ್ರೆ ಸ್ಪಾಟ್-ಲಾಕ್‌ನಲ್ಲಿ, ಅಂದ್ರೆ ನೀವು ಹೇಳಿದ ಜಿಪಿಎಸ್ ಲಂಗರಲ್ಲಿ. ಭಾರದ ದೋಣಿ ಒಮ್ಮೆ ಹಿಂದಕ್ಕೆ ಸರಿಯೋಕೆ ಶುರುವಾದರೆ ಹಿಡಿಯೋಕೆ ಹೊತ್ತು ಬೇಕು. ಹಗುರ ದೋಣಿ 5 ಅಡಿ ವೃತ್ತದಲ್ಲಿ ನಿಂತರೆ ಇದು 10-15 ಅಡಿಯಲ್ಲಿ ಓಲಾಡುತ್ತೆ. ವಾಲೈ ಜಿಗ್‌ಗೆ ಅಷ್ಟು ಸಾಕು.

ಮಿಶಿಗನ್‌ಗೌಡ

ಗಾಳಿಲೆಕ್ಕದವರು ನಿಲ್ಲೋದರ ಬಗ್ಗೆ ಹೇಳಿದ್ರು. ಎಳೆಯೋದರ ಬಗ್ಗೆ ನಾನು ಹೇಳ್ತೀನಿ.

ಡಬ್ಬದ ಮೇಲೆ ಬರೆದಿರೋ ಥ್ರಸ್ಟ್ ದೋಣಿ ಕಟ್ಟಿಹಾಕಿ ಅಳೆದದ್ದು. ದೋಣಿ ಮುಂದೆ ಹೋದಷ್ಟೂ ಪ್ರೊಪೆಲರ್‌ನ ಹಿಡಿತ ಕಮ್ಮಿ. ಪೌಂಡ್ ಜಾಸ್ತಿ ಇದ್ದರೆ ವೇಗ ಜಾಸ್ತಿ ಅಂತ ಬಹಳ ಜನ ತಿಳಿದುಕೊಂಡಿದ್ದಾರೆ, ಹಾಗಲ್ಲ. ಇಂಥ ದೋಣಿಗೆ ಮೇಲ್ಮಿತಿ ಗಂಟೆಗೆ 3 ಮೈಲಿ ಸುತ್ತಮುತ್ತ, ಅದೂ ಗಾಳಿ ಇಲ್ಲದಾಗ. 1.5 ಮೈಲಿಗೆ ಏನೂ ತೊಂದರೆ ಇಲ್ಲ. ಆದ್ರೆ ಗಾಳಿಗೆ ಎದುರಾಗಿ ದಿನವಿಡೀ ಬರೀ ಬ್ಯಾಟರಿಯಲ್ಲಿ ಎಳೀತೀನಿ ಅಂದ್ರೆ ಯಾವ ಬ್ಯಾಟರಿಯೂ ಬಾಳಲ್ಲ.

ಹಿಂದೆ 9.9 ಎಚ್‌ಪಿ ಕಿಕ್ಕರ್ (ಪುಟ್ಟ ಎರಡನೇ ಔಟ್‌ಬೋರ್ಡ್) ಇದೆಯಾ? ಇದ್ದರೆ ಎರಡು ಮೋಟಾರ್‌ಗೂ ಕೆಲಸ ಹಂಚಿ. ಕಿಕ್ಕರ್ ಗೇರ್‌ಗೆ ಹಾಕಿ, ನೇರ ನಿಲ್ಲಿಸಿ, ಬೇಕಾದ ವೇಗಕ್ಕಿಂತ ಸ್ವಲ್ಪ ಕಮ್ಮಿ ಇಟ್ಟು ಬಿಟ್ಟುಬಿಡಿ. ಮುಂದಿನ ಮೋಟಾರ್‌ಗೆ ದಿಕ್ಕು ಲಾಕ್ ಕೊಟ್ಟು 2-3ನೇ ವೇಗದಲ್ಲಿ ಇಡಿ. ತಳ್ಳೋದು ಪೆಟ್ರೋಲ್, ತಿರುಗಿಸೋದು ಬ್ಯಾಟರಿ. 5-8 ಆಂಪ್‌ನಲ್ಲಿ ಮುಗಿಯುತ್ತೆ, 60 ಎಎಚ್ (ಆಂಪ್-ಅವರ್) ಬ್ಯಾಟರಿಯೂ ಬೆಳಿಗ್ಗೆಯಿಂದ ಸಂಜೆ ತನಕ ಬರುತ್ತೆ. ಗಾಳಿ ಬೆನ್ನಿಗಿದ್ದು ವೇಗ ಜಾಸ್ತಿ ಆಗ್ತಿದ್ರೆ ಕಿಕ್ಕರ್ ನ್ಯೂಟ್ರಲ್‌ಗೆ ತಂದು ಮುಂದಿನದರಲ್ಲೇ ನಡೆಸಿ.

ಶಾಫ್ಟ್ 72 ಇಂಚಿನದು ತಗೊಳ್ಳಿ ಸಾಕು. ಅದಕ್ಕಿಂತ ಉದ್ದದ್ದು ಮಡಚಿ ಇಡೋಕೆ ಜಾಗ ಇರಲ್ಲ.

ಉಪ್ಪುನೀರು

ಗೌಡ್ರೇ, ಶಾಫ್ಟ್ ವಿಷಯದಲ್ಲಿ ನಾನು ಒಪ್ಪುದಿಲ್ಲ ಮಾರಾಯ್ರೆ. ಲೆಕ್ಕ ಹಾಕಿ ನೋಡಿ.

ಡೆಕ್‌ನಿಂದ ನೀರಿಗೆ 38 ಇಂಚು. ಮೋಟಾರಿನ ತಲೆ ನೀರಿನ ಒಳಗೆ ಕಡಿಮೆ ಅಂದ್ರೂ 12 ಇಂಚು ಇರಬೇಕು. ಮೌಂಟಿನ ಕಾಲರ್ ಒಳಗೆ ಹೋಗುವ ಶಾಫ್ಟ್, ಮೇಲೆ ಉಳಿಯುವ ತುಂಡು ಎಲ್ಲ ಸೇರಿ 20 ಇಂಚು ಕೂಡಿಸುದು ವಾಡಿಕೆ. 58 ಆಯ್ತು. 72ರಲ್ಲಿ ಉಳಿಯುದು 14 ಇಂಚು. ಮೂರಡಿ ಅಲೆಗೆ ಮೂತಿ ಎರಡಡಿ ಮೇಲೆ ಹೋಗ್ತದೆ. 24 ಇಂಚು ಎದ್ದರೆ 14 ಇಂಚಿನ ಉಳಿಕೆ ಎಲ್ಲಿಗೆ ಸಾಕು? ಪ್ರೊಪೆಲರ್ ನೀರಿನ ಹೊರಗೆ ಬಂದು ಗಾಳಿ ಕುಡಿತದೆ, ಗರ್ರ್ ಅಂತ ಖಾಲಿ ತಿರುಗ್ತದೆ, ಮತ್ತೆ ಮುಳುಗುವಾಗ ಪೂರ್ತಿ ಲೋಡ್ ಒಟ್ಟಿಗೇ ಬೀಳ್ತದೆ. ಆ ಹೊತ್ತಿಗೆ ದೋಣಿ ಜಾಗ ಬಿಟ್ಟಿರ್ತದೆ, ಜಿಪಿಎಸ್ ಅದನ್ನ ಎಳೆದು ತರ್ಲಿಕ್ಕೆ ಇನ್ನೂ ಜೋರು ಓಡಿಸ್ತದೆ. ಸ್ಪಾಟ್-ಲಾಕ್ ಹಿಡಿಯುದಿಲ್ಲ ಅಂತ ದೂರುವವರಲ್ಲಿ ಅರ್ಧ ಜನರದ್ದು ಗಿಡ್ಡ ಶಾಫ್ಟಿನ ಸಮಸ್ಯೆ.

87 ಅಥವಾ 90 ಇಂಚು ನೋಡಿ. ಮಿನ್ ಕೋಟಾದಲ್ಲಿ 87 ಇದೆ, ಗಾರ್ಮಿನ್ ಫೋರ್ಸ್ ಕ್ರಾಕನ್‌ನಲ್ಲಿ 90 ಇದೆ, ರೋಡನ್‌ನಲ್ಲಿ 84 ಮತ್ತೆ 96. ನಮ್ಮ ಫ್ಲಾರಿಡಾ ಕಡೆ ಎತ್ತರ ಮೂತಿಯ ದೋಣಿಗಳಿಗೆ ಇದೇ ಹಾಕುದು. ಮಡಚಿದಾಗ 87 ಇಂಚು ಅಂದ್ರೆ 7 ಅಡಿ 3 ಇಂಚು, ಅದು ಹೌದು. ಕೊಳ್ಳುವ ಮೊದಲು ಒಂದು ಪಿವಿಸಿ ಪೈಪು ಅಷ್ಟೇ ಉದ್ದಕ್ಕೆ ಕತ್ತರಿಸಿ ಮೂತಿಯಿಂದ ಹಿಂದಕ್ಕೆ ಡೆಕ್ ಮೇಲೆ ಇಟ್ಟು ನೋಡಿ. ಕ್ಯಾಬಿನ್ ಗಾಜಿಗೆ ತಾಗ್ತದಾ, ರೇಲಿಂಗ್ ಅಡ್ಡ ಬರ್ತದಾ, ಲಂಗರಿನ ರೋಲರ್ ಮುಚ್ಚಿ ಹೋಗ್ತದಾ. ಕ್ಯಾಬಿನ್ ಇರುವ ದೋಣಿಯಲ್ಲಿ ಡೆಕ್‌ಗೆ ಹೋಗಿ ಕೈಯಲ್ಲಿ ಎಳೆದು ಇಳಿಸುದು ಕಷ್ಟ. ರಿಮೋಟಲ್ಲಿ ತಾನೇ ಇಳಿದು ಏರುವ ಮಾದರಿ ಸಿಕ್ಕಿದ್ರೆ ಒಳ್ಳೇದು, ಆದ್ರೆ ಅವುಗಳಲ್ಲಿ ಶಾಫ್ಟ್ ಎಷ್ಟು ಉದ್ದದ ತನಕ ಸಿಗ್ತದೆ ಅಂತ ಮೊದಲು ನೋಡಿ.

ಕೂರಿಸುವ ಕ್ರಮ:

ಡೆಕ್ ಒಳಗೆ ಬಾಲ್ಸಾ ಅಥವಾ ಫೋಮ್ ಕೋರ್ ಇದ್ರೆ ನೇರ ತೂತು ಹಾಕಿ ಬೋಲ್ಟ್ ಬಿಗಿಬೇಡಿ. ಬೋಲ್ಟಿಗಿಂತ ದೊಡ್ಡ ತೂತು ಕೊರೆದು, ಒಳಗಿನ ಕೋರ್ ಕೆರೆದು ತೆಗೆದು, ಗಟ್ಟಿ ಮಾಡಿದ ಎಪಾಕ್ಸಿ ತುಂಬಿ, ಒಣಗಿದ ಮೇಲೆ ಅದರ ನಡುವೆ 1/4 ಇಂಚಿನ ತೂತು ಹಾಕಿ. ಇಲ್ಲದಿದ್ರೆ ನೀರು ಕೋರ್‌ಗೆ ಇಳಿದು ಡೆಕ್ ಮೆತ್ತಗಾಗ್ತದೆ, ಬೋಲ್ಟ್ ಎಷ್ಟು ಬಿಗಿದ್ರೂ ಸಡಿಲ. ಅಡಿಯಲ್ಲಿ ಕಾಲು ಇಂಚು ದಪ್ಪದ ಅಲ್ಯೂಮಿನಿಯಂ ಪ್ಲೇಟ್ ಕೊಡಿ, ಬರೀ ವಾಷರ್ ಸಾಲದು. ಬೋಲ್ಟ್ 316 ಸ್ಟೇನ್‌ಲೆಸ್, ನೈಲಾನ್ ಲಾಕ್ ನಟ್. ಸೀಲಂಟ್‌ಗೆ 3ಎಂ ಕಂಪನಿಯ 4200 ಸಾಕು. 5200 ಹಾಕಿದ್ರೆ ಮುಂದೆ ಯಾವತ್ತಾದ್ರೂ ತೆಗಿಲಿಕ್ಕೆ ಡೆಕ್ಕೇ ಕಿತ್ತು ಬರ್ತದೆ.

ಬೇಗ ಬಿಚ್ಚುವ ಬ್ರಾಕೆಟ್ ಹಾಕಿಸಿ. ಇಷ್ಟು ಉದ್ದದ ಮೋಟಾರ್ 60 ಪೌಂಡ್ ಆಸುಪಾಸು ತೂಗ್ತದೆ, ಅಲೆಯಲ್ಲಿ ಜೋರಾಗಿ ಹೋಗುವಾಗ ಪ್ರತಿ ಹೊಡೆತವೂ ಅದೇ ನಾಲ್ಕು ಬೋಲ್ಟಿಗೆ. ಮಡಚಿದ ಶಾಫ್ಟಿನ ನಡುವೆ ಪಟ್ಟಿ ಕಟ್ಟಿ, ಮೋಟಾರಿನ ತಲೆ ಕೆಳಗೆ ಆಧಾರ ಕೊಡಿ.

ಮಿಶಿಗನ್‌ಗೌಡ

ಸರಿ, 38 ಇಂಚು ಅನ್ನೋದನ್ನ ನಾನು ಗಮನಿಸಿರಲಿಲ್ಲ, 28ಕ್ಕೆ ಹೇಳಿದ ಮಾತು ಅದು. ಆದ್ರೂ ಈರಿಯ ದಿಣ್ಣೆಗಳಲ್ಲಿ ಕೆಲವು ಕಡೆ ನೀರು 5-6 ಅಡಿ. 87 ಇಂಚಿನದನ್ನ ಪೂರ್ತಿ ಇಳಿಸಿ ಅಲ್ಲಿ ಓಡಾಡಿದರೆ ಅಲೆಯ ತಗ್ಗಿನಲ್ಲಿ ಕಲ್ಲಿಗೆ ಬಡಿಯುತ್ತೆ. ಆಳ ಹೊಂದಿಸೋ ಕಾಲರ್ ಸಡಿಲಿಸಿ ಮೇಲೆತ್ತಿಕೊಳ್ಳೋದು ಮರೀಬೇಡಿ.

ಈರಿದಂಡೆ

9.9 ಕಿಕ್ಕರ್ ಇದೆ. ಹಂಚಿಕೊಳ್ಳೋ ಉಪಾಯ ಚೆನ್ನಾಗಿದೆ. ಪೈಪ್ ಇಟ್ಟು ನೋಡಿದೆ, 87 ಇಂಚು ಬಲಬದಿಯ ರೇಲಿಂಗ್ ಒಳಗೇ ಕೂರುತ್ತೆ.

ಈಗ ಬ್ಯಾಟರಿ. ಗ್ರೂಪ್ 31 ಗಾತ್ರದ ಮೂರು ಎಜಿಎಂ (ಸೀಲ್ ಮಾಡಿದ ಲೆಡ್ ಬ್ಯಾಟರಿ) ಹಾಕೋದಾ, ಒಂದೇ 36 ವೋಲ್ಟ್ ಲಿಥಿಯಂ ಹಾಕೋದಾ, ಮೂರು 12 ವೋಲ್ಟ್ ಲಿಥಿಯಂ ಸರಣಿಯಲ್ಲಿ ಹಾಕೋದಾ?

ತಂತಿಭಟ್ಟ

ಬ್ಯಾಟರಿ ಆರಿಸುವ ಮುಂಚೆ ಎಷ್ಟು ಕರೆಂಟ್ ಹೋಗುತ್ತೆ ಅನ್ನೋದು ಗೊತ್ತಿರಬೇಕು. 36 ವೋಲ್ಟ್ 112 ಪೌಂಡ್ ಮೋಟಾರ್ ಪೂರ್ತಿ ವೇಗದಲ್ಲಿ 52 ಆಂಪ್ ಎಳೆಯುತ್ತೆ. ಆದರೆ ಅರ್ಧ ಥ್ರಸ್ಟ್‌ಗೆ ಅರ್ಧ ಕರೆಂಟ್ ಅಲ್ಲ. ಪ್ರೊಪೆಲರ್‌ನ ಸ್ವಭಾವ ಹಾಗಿದೆ: ಥ್ರಸ್ಟ್ ಅರ್ಧಕ್ಕಿಳಿದರೆ ಬೇಕಾದ ಶಕ್ತಿ ಮೂರನೇ ಒಂದು ಭಾಗದಷ್ಟಕ್ಕೆ ಇಳಿಯುತ್ತೆ. 80 ಪೌಂಡ್‌ಗೆ ಸುಮಾರು 31 ಆಂಪ್, 56ಕ್ಕೆ 18, 28ಕ್ಕೆ 6.5. ದೊಡ್ಡ ಮೋಟಾರನ್ನ ನಿಧಾನ ಓಡಿಸೋದು ಸಣ್ಣ ಮೋಟಾರನ್ನ ಪೂರ್ತಿ ಓಡಿಸೋದಕ್ಕಿಂತ ಅಗ್ಗ ಅನ್ನೋದು ಇದಕ್ಕೇ. 24 ವೋಲ್ಟಿನ 80 ಪೌಂಡ್ ಮೋಟಾರ್ ಪೂರ್ತಿ ಓಡಿದರೆ 56 ಆಂಪ್, ಅಂದರೆ 1350 ವಾಟ್. ಅದೇ 80 ಪೌಂಡನ್ನ 112ರದ್ದು 1100 ವಾಟ್‌ನಲ್ಲಿ ಕೊಡುತ್ತೆ. ಬ್ರಶ್‌ಲೆಸ್ ಮಾದರಿಯಾದರೆ ಇನ್ನೂ ಕಮ್ಮಿ.

ಗಾಳಿಲೆಕ್ಕ ಅವರ 20 ಮೈಲಿ ಗಾಳಿಗೆ, ಅಲೆ ಸೇರಿಸಿ 75 ಪೌಂಡ್ ಅಂದರೆ 28 ಆಂಪ್. ಇದು ಕೆಟ್ಟ ದಿನದ ಸಂಖ್ಯೆ. 15 ಮೈಲಿ ಗಾಳಿಗೆ 40 ಪೌಂಡ್, 11 ಆಂಪ್. ಸ್ಪಾಟ್-ಲಾಕ್ ಒಂದೇ ಸಮ ಓಡಲ್ಲ, ಬಿಟ್ಟು ಬಿಟ್ಟು ಜಗ್ಗುತ್ತೆ, ಅದರಿಂದ ಸ್ವಲ್ಪ ನಷ್ಟ ಜಾಸ್ತಿ. ನಿಮ್ಮ ಬಳಕೆಗೆ ಸರಾಸರಿ 15-20 ಆಂಪ್ ಅಂತ ಹಿಡಿಯಿರಿ.

ಎಜಿಎಂ ಗ್ರೂಪ್ 31 ಮೇಲೆ 105 ಎಎಚ್ ಅಂತ ಇರೋದು 20 ಗಂಟೆ ಲೆಕ್ಕದಲ್ಲಿ, ಅಂದರೆ 5 ಆಂಪ್ ಎಳೆದರೆ. 25 ಆಂಪ್ ಎಳೆದರೆ ಸಿಗೋದು 80ರ ಆಸುಪಾಸು. ಅದರಲ್ಲೂ ಅರ್ಧಕ್ಕಿಂತ ಕೆಳಗೆ ಪದೇ ಪದೇ ಇಳಿಸಿದರೆ ಆಯಸ್ಸು ಬೇಗ ಮುಗಿಯುತ್ತೆ. ಬಳಸೋಕೆ ಸಿಗೋದು 45-50 ಎಎಚ್, ಎರಡೂವರೆ ಮೂರು ಗಂಟೆ. ಮೂರರ ತೂಕ 210 ಪೌಂಡ್.

36 ವೋಲ್ಟಿನ 60 ಎಎಚ್ ಲಿಥಿಯಂ ಐರನ್ ಫಾಸ್ಫೇಟ್ ಒಂದು, 50 ಪೌಂಡ್ ಸುಮಾರು, ಅಷ್ಟೇ ಹೊತ್ತು ಕೊಡುತ್ತೆ. 100 ಎಎಚ್‌ನದಾದರೆ 85-90 ಬಳಸಬಹುದು, ನಾಲ್ಕೂವರೆಯಿಂದ ಆರು ಗಂಟೆ. ಎಳೆಯೋ ಕೆಲಸ ಕಿಕ್ಕರ್‌ಗೆ ಬಿಟ್ಟರೆ ನಿಮಗೆ 60 ಸಾಕಾಗಬಹುದು, ಆದರೆ ಗಾಳಿ ಎದ್ದ ದಿನ ದಿಣ್ಣೆ ಮೇಲೆ ನಿಂತು ಮೀನು ಹಿಡಿಯೋ ಆಸೆ ಇದ್ದರೆ 100.

ಒಂದೇ 36 ವೋಲ್ಟಿನದಾ, ಮೂರು 12ರದಾ? ನನ್ನ ಮತ ಒಂದೇ ಇರಲಿ ಅಂತ. ಮೂರರ ತಾಪತ್ರಯ ಹೇಳ್ತೇನೆ, ಆಮೇಲೆ ನಿಮ್ಮಿಷ್ಟ.

ಪ್ರತಿ ಲಿಥಿಯಂ ಬ್ಯಾಟರಿ ಒಳಗೂ ಬಿಎಂಎಸ್ ಅನ್ನೋ ಕಾವಲು ಸರ್ಕ್ಯೂಟ್ ಇರುತ್ತೆ. ಸರಣಿಯಲ್ಲಿ ಹಾಕಬಹುದು ಅಂತ ತಯಾರಕರೇ ಬರೆದಿರದ ಬ್ಯಾಟರಿಯನ್ನ ಸರಣಿಗೆ ಹಾಕಬೇಡಿ. ಒಂದರ ಬಿಎಂಎಸ್ ಕಡಿದುಕೊಂಡ ಕ್ಷಣ ಅದರ ಒಳಗಿನ ಸ್ವಿಚ್ ಮೇಲೆ ಇಡೀ 36 ವೋಲ್ಟ್ ಬೀಳುತ್ತೆ, 12ಕ್ಕೆ ಮಾತ್ರ ಮಾಡಿದ ಸ್ವಿಚ್ ಸುಟ್ಟುಹೋಗುತ್ತೆ. ಮೂರೂ ಒಂದೇ ಬ್ರಾಂಡ್, ಒಂದೇ ಎಎಚ್, ಒಂದೇ ಸಲ ಕೊಂಡದ್ದು ಇರಬೇಕು.

ಜೋಡಿಸುವ ಮುಂಚೆ ಸಮ ಮಾಡಬೇಕು. ಮೂರನ್ನೂ ಬೇರೆ ಬೇರೆ ಇಟ್ಟು ಒಂದೊಂದನ್ನೂ 14.4-14.6 ವೋಲ್ಟ್ ತನಕ ಪೂರ್ತಿ ಚಾರ್ಜ್ ಮಾಡಿ. ಮಲ್ಟಿಮೀಟರಲ್ಲಿ ನೋಡಿ, ಒಂದಕ್ಕೊಂದು 0.05 ವೋಲ್ಟ್‌ಗಿಂತ ಹೆಚ್ಚು ವ್ಯತ್ಯಾಸ ಇರಬಾರದು. ಮೂರನ್ನೂ ಸಮಾಂತರವಾಗಿ, ಪ್ಲಸ್‌ಗೆ ಪ್ಲಸ್ ಮೈನಸ್‌ಗೆ ಮೈನಸ್, ಕಟ್ಟಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಎಲ್ಲ ಬಿಚ್ಚಿ ಆಮೇಲೆ ಸರಣಿ ಮಾಡಿ. ಸರಣಿಯ ಜಂಪರ್ ಒಂದಾದರೂ ಉಳಿದಿರುವಾಗ ಸಮಾಂತರ ವೈರ್ ಹಾಕಿದಿರೋ, ಅದು ನೇರ ಶಾರ್ಟ್, ಸ್ಪ್ಯಾನರ್ ಕರಗುತ್ತೆ. ಇದನ್ನ ಸೀಸನ್‌ಗೆ ಒಮ್ಮೆ ಮಾಡಬೇಕು.

ಸಮ ಮಾಡದಿದ್ದರೆ ಏನಾಗುತ್ತೆ? ಚಾರ್ಜ್ ಆಗುವಾಗ ಒಂದು ಮುಂಚೆ ತುಂಬಿ ಕಡಿದುಕೊಳ್ಳುತ್ತೆ, ಮಿಕ್ಕೆರಡು ಯಾವತ್ತೂ ತುಂಬಲ್ಲ. ಓಡುವಾಗ ಸೊರಗಿದ್ದು ಮುಂಚೆ ಖಾಲಿಯಾಗಿ ಕಡಿದುಕೊಳ್ಳುತ್ತೆ, ಮೋಟಾರ್ ಟಕ್ ಅಂತ ನಿಲ್ಲುತ್ತೆ. ಲೆಡ್ ಬ್ಯಾಟರಿ ಸಾಯುವಾಗ ನಿಧಾನ ಆಗಿ ಸೂಚನೆ ಕೊಡುತ್ತೆ. ಲಿಥಿಯಂ ಕೊಡಲ್ಲ.

ಗಾಳಿಲೆಕ್ಕ

ಅದಕ್ಕೇ ಲಿಥಿಯಂ ಹಾಕೋರು ಶಂಟ್ ಇರೋ ಮೀಟರ್ (ಬ್ಯಾಟರಿಗೆ ಹೋದ, ಬಂದ ಕರೆಂಟ್ ಎಣಿಸೋದು) ಹಾಕಿಸಲೇಬೇಕು. 12 ವೋಲ್ಟ್ ಬ್ಯಾಟರಿ 13.2 ತೋರಿಸ್ತಿದ್ದರೆ ಮುಕ್ಕಾಲು ಇರಬಹುದು, ಅರ್ಧವೂ ಇರಬಹುದು, ವೋಲ್ಟ್ ನೋಡಿ ಹೇಳೋಕಾಗಲ್ಲ. ಮೋಟಾರ್ ಮೇಲಿನ ದೀಪದ ಮಾಪಕ ಲೆಡ್‌ಗೆ ಮಾಡಿದ್ದು, ಕೊನೇ ತನಕ ತುಂಬಿದೆ ಅಂತಲೇ ತೋರಿಸುತ್ತೆ. ಶಂಟ್ ಮೈನಸ್ ವೈರ್‌ನಲ್ಲಿ, ಬ್ಯಾಟರಿಗೆ ಅಂಟಿದಂತೆ ಕೂರಬೇಕು. ಅದಕ್ಕೂ ಬ್ಯಾಟರಿಗೂ ನಡುವೆ ಬೇರೆ ಯಾವ ಮೈನಸ್ಸೂ ಇರಬಾರದು, ಇದ್ದರೆ ಆ ಕರೆಂಟ್ ಲೆಕ್ಕಕ್ಕೆ ಸಿಗಲ್ಲ.

ಇನ್ನೊಂದು. ಬ್ರಶ್ ಇರೋ ಮೋಟಾರ್‌ಗೆ ಲಿಥಿಯಂ ಹಾಕಿದರೆ 85 ಶೇಕಡಾ ವೇಗಕ್ಕಿಂತ ಮೇಲೆ ತುಂಬ ಹೊತ್ತು ಓಡಿಸಬೇಡಿ ಅಂತ ಮಿನ್ ಕೋಟಾ ಕೈಪಿಡಿಯಲ್ಲೇ ಇದೆ. ಲೆಡ್‌ನಂತೆ ಲೋಡ್ ಬಿದ್ದಾಗ ಲಿಥಿಯಂ ವೋಲ್ಟ್ ಕುಸಿಯಲ್ಲ, ಮೋಟಾರ್‌ಗೆ ಹೆಚ್ಚು ವೋಲ್ಟ್ ಹೋಗಿ ಸುರುಳಿ ಬಿಸಿಯಾಗುತ್ತೆ.

ತಂತಿಭಟ್ಟ

ಈಗ ವೈರ್. ನಿಮ್ಮದು 20 ಅಡಿ, ಹೋಗಿ ಬರೋದು 40. ಗೇಜ್ ಸಂಖ್ಯೆ ಕಮ್ಮಿಯಾದಷ್ಟೂ ವೈರ್ ದಪ್ಪ. 52 ಆಂಪ್‌ಗೆ:

8 ಗೇಜ್: 1.3 ವೋಲ್ಟ್ ನಷ್ಟ
6 ಗೇಜ್: 0.8
4 ಗೇಜ್: 0.5

36 ವೋಲ್ಟಿನಲ್ಲಿ 8 ಗೇಜ್‌ನ ನಷ್ಟ ಮೂರೂವರೆ ಶೇಕಡಾ, 6ರದ್ದು ಎರಡು ಚಿಲ್ಲರೆ. 6 ಹಾಕಿ, 4 ಬೇಕಿಲ್ಲ. ಇದೇ 8 ಗೇಜ್ ವೈರನ್ನ 12 ವೋಲ್ಟಿನ 55 ಪೌಂಡ್ ಮೋಟಾರ್‌ಗೆ ಹಾಕಿದ್ದರೆ ಹತ್ತು ಶೇಕಡಾ ವೈರಲ್ಲೇ ಹೋಗಿರೋದು. ದೊಡ್ಡ ದೋಣಿಗೆ 36 ವೋಲ್ಟ್ ಯಾಕೆ ಅನ್ನೋದಕ್ಕೆ ಅರ್ಧ ಕಾರಣ ಇದು.

ಟಿನ್ ಲೇಪಿಸಿದ ತಾಮ್ರದ ಮರೈನ್ ವೈರೇ ಆಗಬೇಕು. ಕಾರ್ ಆಡಿಯೊ ಅಂಗಡಿಯ ಅಗ್ಗದ 6 ಗೇಜ್ ಬಹಳಷ್ಟು ಸಲ ಅಲ್ಯೂಮಿನಿಯಂ ಮೇಲೆ ತಾಮ್ರದ ಪೂಸು. ಕೊನೆ ಕತ್ತರಿಸಿ ಚಾಕುವಿನಿಂದ ಕೆರೆದು ನೋಡಿ, ಒಳಗೆ ಬೆಳ್ಳಗಿದ್ದರೆ ವಾಪಸ್ ಕೊಡಿ. ಟಿನ್ ಲೇಪದ ತಾಮ್ರವೂ ಹೊರಗೆ ಬೆಳ್ಳಗೇ ಇರುತ್ತೆ, ಆದರೆ ಕೆರೆದರೆ ಕೆಂಪು ಕಾಣುತ್ತೆ.

ಬ್ರೇಕರ್ 60 ಆಂಪ್, ಡಿಸಿ ವೋಲ್ಟ್ ರೇಟಿಂಗ್ ಕಡಿಮೆಯೆಂದರೂ 48. ಬ್ಯಾಟರಿ ಪ್ಲಸ್‌ನಿಂದ 7 ಇಂಚಿನೊಳಗೆ, ಅಮೆರಿಕದ ದೋಣಿ ಮಾನದಂಡ ಎಬಿವೈಸಿ ಹೇಳೋದು ಅದನ್ನೇ. ಲಿಥಿಯಂ ಆದರೆ ಅದರ ಮುಂಚೆ ಒಂದು ಕ್ಲಾಸ್ ಟಿ ಫ್ಯೂಸ್, 80 ಆಂಪ್. ಕಾರಣ: ಶಾರ್ಟ್ ಆದಾಗ ಲಿಥಿಯಂ ಸಾವಿರಾರು ಆಂಪ್ ಕಕ್ಕಬಲ್ಲದು, ಸಾಧಾರಣ ಬ್ರೇಕರ್‌ನ ಒಳಗಿನ ತುದಿಗಳು ಆ ಕಿಡಿಗೆ ಬೆಸೆದುಕೊಂಡು ತೆರೆಯೋದೇ ಇಲ್ಲ. ಕ್ಲಾಸ್ ಟಿ 20,000 ಆಂಪ್ ತನಕ ಕಡಿಯುತ್ತೆ. ಟರ್ಮಿನಲ್ ಮೇಲೆ ಕೂರೋ ಚೌಕ ಫ್ಯೂಸ್ 14 ವೋಲ್ಟ್‌ಗೆ 10,000 ಆಂಪ್ ಕಡಿದರೂ 58 ವೋಲ್ಟ್‌ಗೆ ಬರೀ 2000, ಆದ್ದರಿಂದ 36ರಲ್ಲಿ ನಾನು ಅದನ್ನ ಹಾಕಲ್ಲ.

ಮಾರುಕಟ್ಟೆಯಲ್ಲಿ ಸಿಗೋ ಅಗ್ಗದ ಬ್ರೇಕರ್‌ಗಳ ರೋಗ ಇನ್ನೊಂದು ಥರ. 30 ಆಂಪ್‌ಗೇ ಬಿಸಿಯಾಗಿ ಅರ್ಧ ಗಂಟೆಗೆ ಬಿದ್ದುಬಿಡುತ್ತೆ. ಜನ 80ರದ್ದು ತಂದು ಹಾಕ್ತಾರೆ, ರೋಗ ಹಾಗೇ ಉಳಿಯುತ್ತೆ, ಪ್ಲಾಸ್ಟಿಕ್ ಕರಗುತ್ತೆ.

ವೈರ್ ತುದಿಗೆ ಹಾಕೋ ಲಗ್‌ಗಳನ್ನ ಹೈಡ್ರಾಲಿಕ್ ಕ್ರಿಂಪರ್‌ನಲ್ಲಿ ಒತ್ತಿ, ಅಂಟು ಇರೋ ಹೀಟ್ ಶ್ರಿಂಕ್ ಹಾಕಿ. ಬ್ಯಾಟರಿ ಮೇಲೆ ಚಿಟ್ಟೆ ನಟ್ ಬೇಡವೇ ಬೇಡ, 6 ಗೇಜ್ ಮತ್ತು ಅದಕ್ಕಿಂತ ದಪ್ಪದ ವೈರ್‌ಗೆ ಎಬಿವೈಸಿ ಅದನ್ನ ಒಪ್ಪಲ್ಲ. ದೋಣಿಯ ಅಲುಗಾಟಕ್ಕೆ ಸಡಿಲಾಗಿ ಟರ್ಮಿನಲ್ಲೇ ಕರಗುತ್ತೆ.

ಈರಿದಂಡೆ

ಭಟ್ರೇ, ಚಾರ್ಜಿಂಗ್? ಡಾಕ್‌ನಲ್ಲಿ 120 ವೋಲ್ಟ್ ಇದೆ. ಓಡುವಾಗ ಔಟ್‌ಬೋರ್ಡ್‌ನಿಂದಲೂ ತುಂಬಿಸಬಹುದಾ?

ತಂತಿಭಟ್ಟ

ಡಾಕ್‌ನಲ್ಲಿ ಕರೆಂಟ್ ಇದ್ದರೆ ಔಟ್‌ಬೋರ್ಡ್‌ನ ತಂಟೆ ಬಿಡಿ. 12ನ್ನ 36ಕ್ಕೆ ಏರಿಸೋ ಡಿಸಿ-ಡಿಸಿ ಚಾರ್ಜರ್ ಬೇಕು. 36ರ ಕಡೆ 8 ಆಂಪ್ ಕೊಡಬೇಕಾದರೆ 12ರ ಕಡೆ 30 ಎಳೆಯುತ್ತೆ, ಆಲ್ಟರ್ನೇಟರ್‌ನ ದೊಡ್ಡ ಪಾಲು ಅದಕ್ಕೇ ಹೋಗುತ್ತೆ. ಒಂದು ಗಂಟೆ ಓಡಿದರೆ ಸಿಗೋದು 8 ಎಎಚ್. ಹಾಕಲೇಬೇಕು ಅಂದರೆ ಇಗ್ನಿಶನ್ ಆನ್ ಇದ್ದಾಗ ಮಾತ್ರ ಕೆಲಸ ಮಾಡೋ ಹಾಗೆ ವೈರ್ ಕೊಡಿ, ಇಲ್ಲದಿದ್ದರೆ ಸ್ಟಾರ್ಟಿಂಗ್ ಬ್ಯಾಟರಿ ಬರಿದಾಗಿ ಸರೋವರದ ನಡುವೆ ಕೂತಿರ್ತೀರಿ.

ಒಂದೇ 36 ವೋಲ್ಟ್ ಬ್ಯಾಟರಿಗೆ 43.8 ವೋಲ್ಟ್ ತನಕ ಹೋಗೋ ಲಿಥಿಯಂ ಚಾರ್ಜರ್. 100 ಎಎಚ್‌ಗೆ 15 ಆಂಪ್‌ನದಾದರೆ ಆರೇಳು ಗಂಟೆ. ಮೂರು 12ರದ್ದಾದರೆ ಮೂರು ಬ್ಯಾಂಕ್ ಚಾರ್ಜರ್, ಪ್ರತಿ ಬ್ಯಾಂಕೂ ಬೇರೆಯದಕ್ಕೆ ಸಂಬಂಧ ಇಲ್ಲದ ಹಾಗೆ ಪ್ರತ್ಯೇಕವಾಗಿರಬೇಕು, ಇಲ್ಲದಿದ್ದರೆ ಸರಣಿಯ ಮೂಲಕವೇ ಶಾರ್ಟ್. ಲೆಡ್‌ನ ಡೀಸಲ್ಫೇಶನ್ ಮೋಡ್ ಇರೋ ಚಾರ್ಜರ್ ಲಿಥಿಯಂಗೆ ಕಟ್ಟಬೇಡಿ, ಅದರ ಎತ್ತರದ ವೋಲ್ಟ್‌ಗೆ ಬಿಎಂಎಸ್ ಕಡಿದುಕೊಳ್ಳುತ್ತೆ.

ಮಾರ್ಚ್‌ನಲ್ಲಿ ದೋಣಿ ಇಳಿಸೋರು ಗಮನಿಸಿ: ಸೊನ್ನೆ ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಲಿಥಿಯಂ ಚಾರ್ಜ್ ಮಾಡಬಾರದು. ಆನೋಡ್ ಮೇಲೆ ಲೋಹದ ಪದರ ಕೂತು ಕೆಪಾಸಿಟಿ ಶಾಶ್ವತವಾಗಿ ಹೋಗುತ್ತೆ. ಚಳಿಗೆ ತಾನೇ ಚಾರ್ಜ್ ನಿಲ್ಲಿಸೋ ಬಿಎಂಎಸ್ ಇರೋದನ್ನೇ ಕೊಳ್ಳಿ. ಬಳಸೋದಕ್ಕೆ ತೊಂದರೆ ಇಲ್ಲ.

ಫಿಶ್ ಫೈಂಡರ್‌ಗೆ ಈ ಸರಣಿಯ ನಡುವಿನ ಒಂದು ಬ್ಯಾಟರಿಯಿಂದ 12 ವೋಲ್ಟ್ ಕದಿಯಬೇಡಿ. ಅದೊಂದೇ ಬೇಗ ಇಳಿದು ಮೂರರ ಸಮತೋಲ ಕೆಡುತ್ತೆ, ಜೊತೆಗೆ ಮೋಟಾರ್‌ನ ಸ್ವಿಚಿಂಗ್ ಸದ್ದೆಲ್ಲ ಪರದೆ ಮೇಲೆ ಚುಕ್ಕಿ ಚುಕ್ಕಿಯಾಗಿ ಬರುತ್ತೆ. ಬೇರೆ 12 ವೋಲ್ಟ್ ಬ್ಯಾಟರಿ ಕೊಡಿ. ಮೋಟಾರ್‌ನ ಪ್ಲಸ್ ಮೈನಸ್ ವೈರ್‌ಗಳನ್ನ ಒಂದಕ್ಕೊಂದು ಹುರಿ ಮಾಡಿ ಎಳೆಯಿರಿ, ಫಿಶ್ ಫೈಂಡರ್‌ನ ಟ್ರಾನ್ಸ್‌ಡ್ಯೂಸರ್ (ನೀರಿನೊಳಗಿನ ಸೋನಾರ್) ಕೇಬಲ್ ಜೊತೆ ಒಂದೇ ಕಟ್ಟಿನಲ್ಲಿ ಹಾಕಬೇಡಿ.

ನೇತ್ರಾವತಿಬದಿ

ನಾನು ಮಂಗಳೂರಿನವ. ಅಣ್ಣ ಅಮೆರಿಕದಿಂದ ಬರುವಾಗ ಇಂಥದ್ದೊಂದು ತರಿಸುವ ಯೋಚನೆ, 18 ಅಡಿ ಫೈಬರ್ ದೋಣಿಗೆ. ಹೊಳೆ, ಅಳಿವೆ ಎರಡೂ ಕಡೆ ಓಡಿಸುದು. ಲಿಥಿಯಂ ಬ್ಯಾಟರಿಯೂ ಒಟ್ಟಿಗೆ ತರಬಹುದಾ?

ಉಪ್ಪುನೀರು

ಬ್ಯಾಟರಿ ವಿಮಾನದಲ್ಲಿ ಆಗುದಿಲ್ಲ. ಪ್ರಯಾಣಿಕರ ಸಾಮಾನಲ್ಲಿ ಲಿಥಿಯಂಗೆ ಮಿತಿ 160 ವಾಟ್-ಅವರ್, ಅದೂ ವಿಮಾನ ಕಂಪನಿ ಒಪ್ಪಿದ್ರೆ. 12 ವೋಲ್ಟ್ (ಲಿಥಿಯಂನಲ್ಲಿ ನಿಜಕ್ಕೆ 12.8) 100 ಎಎಚ್ ಅಂದ್ರೆ 1280. ಬ್ಯಾಟರಿ ಊರಲ್ಲೇ ತೆಗೊಳ್ಳಿ. ಮೋಟಾರ್ ಡಿಸಿ, ಎಲ್ಲಿಯೂ ನಡಿತದೆ. ಚಾರ್ಜರ್ ಮೇಲೆ ಇನ್‌ಪುಟ್ 100-240 ಅಂತ ಇಲ್ಲದಿದ್ರೆ ತರಿಸಬೇಡಿ, 120ರದ್ದನ್ನು ನಮ್ಮ 230ಕ್ಕೆ ಚುಚ್ಚಿದ್ರೆ ಅಲ್ಲೇ ಹೊಗೆ.

ಅಳಿವೆಗೆ ಹೋಗುದಾದ್ರೆ ಉಪ್ಪುನೀರಿನ ಮಾದರಿಯೇ ಬೇಕು, ಮಿನ್ ಕೋಟಾದಲ್ಲಿ ಅದರ ಹೆಸರು ರಿಪ್‌ಟೈಡ್. ತಾನು ಸವೆದು ಮೋಟಾರ್ ಉಳಿಸುವ ಆನೋಡ್ ಅದರಲ್ಲಿ ಇರ್ತದೆ, ಅರ್ಧ ಸವೆದಾಗ ಬದಲಿಸಿ. ಆನೋಡ್ ಮೇಲೆ ಪೈಂಟ್ ಹೊಡಿಬಾರದು. ಪ್ರತಿ ಸಲ ಬಂದ ಮೇಲೆ ಸಿಹಿನೀರಲ್ಲಿ ತೊಳೆಯಿರಿ, ಆದ್ರೆ ಪ್ರೆಶರ್ ವಾಷರ್ ಬೇಡ, ಸೀಲ್ ಒಳಗೆ ನೀರು ನುಗ್ಗಿಸ್ತದೆ. ಮಳೆಗಾಲದ ಹೊಳೆಯ ಸೆಳವಿಗೆ ಯಾವ ಟ್ರೋಲಿಂಗ್ ಮೋಟಾರೂ ಎದುರು ನಿಲ್ಲುದಿಲ್ಲ.

ಈರಿದಂಡೆ

ಕೊನೆಗೆ ಬರೆದುಕೊಂಡದ್ದು: 36 ವೋಲ್ಟ್ 112 ಪೌಂಡ್, 87 ಇಂಚು, ಬೇಗ ಬಿಚ್ಚೋ ಬ್ರಾಕೆಟ್. ಒಂದೇ 36 ವೋಲ್ಟ್ 100 ಎಎಚ್ ಲಿಥಿಯಂ, 15 ಆಂಪ್ ಚಾರ್ಜರ್, ಶಂಟ್ ಮೀಟರ್. 6 ಗೇಜ್, 80ರ ಕ್ಲಾಸ್ ಟಿ, 60ರ ಬ್ರೇಕರ್, ಮೂತಿಯಲ್ಲಿ ಪ್ಲಗ್. ಜೋಡಿಸಿದ ಮೇಲೆ ಸರೋವರಕ್ಕೆ ಹೋಗೋ ಮುಂಚೆ ಏನು ಪರೀಕ್ಷೆ ಮಾಡಲಿ?

ತಂತಿಭಟ್ಟ

ಕೊಳ್ಳೋ ಮುಂಚೆ ಬ್ಯಾಟರಿಯ ಬಿಎಂಎಸ್ ನಿರಂತರವಾಗಿ ಎಷ್ಟು ಆಂಪ್ ಕೊಡುತ್ತೆ ನೋಡಿ. 60ಕ್ಕಿಂತ ಮೇಲಿರಬೇಕು, 100 ಇದ್ದರೆ ನಿಶ್ಚಿಂತೆ. ಪ್ಲಗ್ ಕೂಡ 36 ವೋಲ್ಟ್‌ಗೆ, 60 ಆಂಪ್‌ಗಿಂತ ಮೇಲಕ್ಕೆ ಬರೆದಿರೋದೇ ಇರಲಿ.

ದೋಣಿಯನ್ನ ಡಾಕ್‌ಗೆ ಎರಡು ಹಗ್ಗದಲ್ಲಿ ಬಿಗಿಯಾಗಿ ಕಟ್ಟಿ, ಮೋಟಾರ್ ಪೂರ್ತಿ ಮುಳುಗಿಸಿ, 80 ಶೇಕಡಾದಲ್ಲಿ ಹತ್ತು ನಿಮಿಷ ಓಡಿಸಿ. ಓಡ್ತಿರುವಾಗಲೇ ಬ್ಯಾಟರಿ ತುದಿಯಲ್ಲಿ ವೋಲ್ಟ್ ಅಳೆಯಿರಿ, ಮೂತಿಯ ಪ್ಲಗ್‌ನ ಮೋಟಾರ್ ಕಡೆಯಲ್ಲೂ ಅಳೆಯಿರಿ. ವ್ಯತ್ಯಾಸ 1 ವೋಲ್ಟ್‌ಗಿಂತ ಕಮ್ಮಿ ಇರಬೇಕು. ಜಾಸ್ತಿ ಇದ್ದರೆ ಮೀಟರ್‌ನ ಎರಡು ಕಡ್ಡಿಗಳನ್ನ ಬ್ರೇಕರ್‌ನ ಎರಡು ತುದಿಗೆ ಇಡಿ, ಆಮೇಲೆ ಫ್ಯೂಸ್, ಆಮೇಲೆ ಪ್ಲಗ್, ಆಮೇಲೆ ಒಂದೊಂದೇ ಲಗ್. ಯಾವುದು 0.1 ವೋಲ್ಟ್‌ಗಿಂತ ಹೆಚ್ಚು ತೋರಿಸುತ್ತೋ ದೋಷ ಅಲ್ಲಿದೆ. ಆಫ್ ಮಾಡಿದ ಕೂಡಲೇ ಪ್ರತಿ ಜೋಡಣೆಯ ಹತ್ತಿರ ಕೈ ಒಡ್ಡಿ ನೋಡಿ. ಬೆಚ್ಚಗಿದ್ದರೆ ಪರವಾಗಿಲ್ಲ, ಕೈ ಇಡೋಕಾಗದಷ್ಟು ಬಿಸಿಯಿದ್ದರೆ ಬಿಚ್ಚಿ ಮತ್ತೆ ಕ್ರಿಂಪ್ ಮಾಡಿ.

ಉಪ್ಪುನೀರು

ಅದರೊಟ್ಟಿಗೆ ದಿಕ್ಸೂಚಿ ಸೆನ್ಸರ್ ಬೇರೆಯಾಗಿ ಬಂದ್ರೆ ಕಬ್ಬಿಣ, ಸ್ಪೀಕರ್, ಲಂಗರಿನ ಸರಪಳಿಯಿಂದ 2 ಅಡಿ ದೂರ ಕೂರಿಸಿ. ಹತ್ತಿರ ಇದ್ರೆ ಸ್ಪಾಟ್-ಲಾಕ್ ಹಾಕಿದ ಕೂಡಲೇ ದೋಣಿ ಸುತ್ತು ಹೊಡಿಲಿಕ್ಕೆ ಶುರು ಮಾಡ್ತದೆ. ಕೂರಿಸಿದ ಮೇಲೆ ಶಾಂತ ನೀರಲ್ಲಿ ಎರಡು ಸುತ್ತು ನಿಧಾನ ತಿರುಗಿ ಕ್ಯಾಲಿಬ್ರೇಟ್ ಮಾಡಿ.

ಟ್ರೈಲರಲ್ಲಿ ಒಯ್ಯುವಾಗ ಬ್ರೇಕರ್ ಆಫ್. ಮತ್ತೆ ಕೆಲವು ಸಲ ಹೋಗಿ ಬಂದ ಮೇಲೆ ಪ್ರೊಪೆಲರ್ ಬಿಚ್ಚಿ ನೋಡಿ. ಗಾಳದ ದಾರ ಅದರ ಹಿಂದೆ ಸುತ್ತಿಕೊಂಡು ಸೀಲ್ ಕೊಯ್ದುಬಿಡ್ತದೆ, ನೀರು ಒಳಗೆ ಹೋದದ್ದು ಮೋಟಾರ್ ಸುಡುವ ತನಕ ಗೊತ್ತಾಗುದಿಲ್ಲ. ಬಿಚ್ಚಿದಾಗ ಅಡ್ಡ ಪಿನ್ ಬಗ್ಗಿದೆಯಾ ಅಂತಲೂ ನೋಡಿ, ನಿಮ್ಮ ಕಲ್ಲುದಿಣ್ಣೆಗೆ ಅದು ಬೇಗ ಬಗ್ಗುವ ಸಾಧ್ಯತೆ ಇದೆ. ಎರಡು ಪಿನ್, ಒಂದು ನಟ್, ಸ್ಪ್ಯಾನರ್ ದೋಣಿಯಲ್ಲೇ ಇಟ್ಟುಕೊಳ್ಳಿ.